ಒಂಟಿ ಕಾಲುಚೀಲ

ಕೆಂಪಗೆ — ಹಳದಿ ಕಾಲುಚೀಲದೊಳಗಿಂದ ಕೆಂಪಗೆ, ಕೂಸಿನ ಹೆಬ್ಬೆರಳೊಳಗೆ ಯಾರೋ ದೀಪ ಹಚ್ಚಿಟ್ಟು ಬಾಗಿಲು ಮುಂದೆ ಮಾಡಿಕೊಂಡು ಹೋದ ಹಾಗೆ, ಹೆಣಿಗೆಯ ಒಂದೊಂದು ಕಣ್ಣಿನಿಂದಲೂ ಕೆಂಪು ಇಣುಕುತ್ತಿದೆ, ಸುಡಲ್ಲ ಅಜ್ಜಿ, ಬರೀ ಬೆಳಕು ಅದು, ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಅಂತ ತೋರಿಸುತ್ತೆ ಅಷ್ಟೇ, ಎಂದು ನರ್ಸು ಹೇಳಿ ಆಚೆ ಹಾಸಿಗೆಗೆ ಹೋಗಿ ಎಷ್ಟೋ ಹೊತ್ತಾಯಿತು, ಜೋಡಿಯಮ್ಮನಿಗೆ ಮಾತ್ರ ಕಣ್ಣು ಕೀಳಲಾಗುತ್ತಿಲ್ಲ. ಹನ್ನೊಂದು ವಾರದ ಮೊಮ್ಮಗಳು, ಹೆಸರು ಏನೇ ಇಟ್ಟಿರಲಿ ಮನೆಮಂದಿಗೆಲ್ಲ ಗುಬ್ಬಿ, ದೊಡ್ಡವರು ಕಾಲು ಚಾಚಿ ಮಲಗುವಂಥ ಮಂಚದ ನಡುವೆ ಯಾರೋ ಮರೆತು ಹೋದ ಕೈಚೀಲದ ಹಾಗೆ ಬಿದ್ದಿದೆ ಕೂಸು, ಮೂಗಿಗೆ ಎರಡು ಕವಲಿನ ಕೊಳವೆ, ಎದೆಗೆ ಮೂರು ತಂತಿ, ಬಲಗಾಲಿಗೆ ಕೆಂಪು ಬೆಳಕಿನ ಪಟ್ಟಿ, ಪಟ್ಟಿ ಜಾರದಿರಲೆಂದು ಅದರ ಮೇಲೆ ಕಾಲುಚೀಲ. ಎಡಗಾಲಿಗೆ ಗ್ಲೂಕೋಸಿನ ಸೂಜಿ ಹಾಕಬೇಕಿತ್ತು, ಆ ಕಾಲಿನದನ್ನು ಬಿಚ್ಚಿ, ಇದು ನಿಮ್ಮ ಹತ್ರ ಇರ್ಲಿ ಅಜ್ಜಿ, ಎಂದು ಕೊಟ್ಟಳು, ಈಗ ಅದು ಮುಷ್ಟಿಯೊಳಗಿದೆ, ಬೆವರಿಗೆ ಒದ್ದೆ, ಹಿಮ್ಮಡಿ ಎಲ್ಲಿ ತಿರುಗುತ್ತದೆ, ಬೆರಳ ಮೇಲಿನ ಹೊಲಿಗೆ ಎಲ್ಲಿ ಮುಗಿಯುತ್ತದೆ ಎಂಬುದು ಕಣ್ಣು ಕಟ್ಟಿ ಬಿಟ್ಟರೂ ಅವಳ ಕೈಗೆ ಗೊತ್ತು, ಮೂವತ್ತೊಂದು ವರ್ಷ ಕಾಲುಚೀಲದ ಕಾರ್ಖಾನೆಯಲ್ಲಿ ಜೋಡಿ ಕೂಡಿಸುವ ಮೇಜಿನ ಮುಂದೆ ನಿಂತವಳಲ್ಲವೇ, ಒಂಟಿ ಚೀಲ ಕೈಗೆ ಬಂದರೆ ಬೆರಳು ಇವತ್ತಿಗೂ ತಾನಾಗಿ ಇನ್ನೊಂದನ್ನು ತಡಕುತ್ತದೆ, ಇನ್ನೊಂದು ಅಲ್ಲಿದೆ, ಆ ಕಾಲಲ್ಲಿ, ಕೆಂಪಗೆ.

ಎದೆ ಏರುತ್ತದೆ, ಏರಿತು ಅನ್ನುವಷ್ಟರಲ್ಲಿ ಇಳಿದಿರುತ್ತದೆ, ಪಕ್ಕೆಲುಬಿನ ಕೆಳಗೆ ಹೊಂಡ ಬೀಳುತ್ತದೆ, ಒಳಗಿನಿಂದ ಯಾರೋ ಚರ್ಮವನ್ನು ಚಿವುಟಿ ಎಳೆದ ಹಾಗೆ, ಗಂಟಲ ಬುಡದಲ್ಲೂ ಒಂದು ಗುಳಿ, ಹೊಳ್ಳೆಗಳು ಅರಳಿಕೊಳ್ಳುತ್ತವೆ, ಉಸಿರು ಬಿಡುವಾಗ ಹ್ಞ್ ಎಂದು ಸಣ್ಣಗೆ ನರಳುತ್ತದೆ, ಮೂಟೆ ಹೊತ್ತವರು ಮೆಟ್ಟಿಲು ಹತ್ತುವಾಗ ನರಳುವುದಿಲ್ಲವೇ ಹಾಗೆ, ಏನು ಹೊತ್ತಿದೀಯೇ ತಾಯಿ ನೀನು, ಇಷ್ಟುದ್ದ ಇದೀಯ, ನಿನಗ್ಯಾವ ಮೂಟೆ. ಡಾಕ್ಟ್ರಮ್ಮ ಆಗಲೇ ಬಂದು ಅದಕ್ಕೊಂದು ಹೆಸರು ಹೇಳಿದರು, ಆರ್‌ಎಸ್‌ವಿ ಅಂತ, ಒಂದು ವೈರಸ್ಸು, ಹೊಸ ಕಾಯಿಲೆ ಏನಲ್ಲ ಇದು, ಎರಡು ವರ್ಷ ತುಂಬೋದ್ರೊಳಗೆ ಹೆಚ್ಚುಕಮ್ಮಿ ಎಲ್ಲ ಮಕ್ಕಳಿಗೂ ಒಂದ್ಸಲ ಬಂದೇ ಬರುತ್ತೆ, ನಮ್ಮಂಥೋರಿಗೆ ಬಂದ್ರೆ ನೆಗಡಿ ಅಂದ್ಕೊಂಡು ಮೂಗು ಒರೆಸ್ಕೊಂಡು ಕೆಲಸಕ್ಕೆ ಹೋಗ್ತೀವಿ, ಆದ್ರೆ ಇಂಥ ಎಳೇ ಕೂಸುಗಳಿಗೆ ಶ್ವಾಸಕೋಶದ ತುತ್ತತುದಿಯ ಕೊಳವೆಗಳು ದಾರದಷ್ಟು ಸಣ್ಣ, ಅವು ಊದ್ಕೊಂಡು ಒಳಗೆ ಕಫ ಕಟ್ಟಿದ್ರೆ ಗಾಳಿಗೆ ದಾರಿ ಎಲ್ಲಿದೆ ಹೇಳಿ. ದಾರ ಅಂದದ್ದೇ ಜೋಡಿಯಮ್ಮನಿಗೆ ಚೆನ್ನಾಗಿ ಅರ್ಥವಾಯಿತು, ಅರ್ಥವಾದದ್ದೇ ತಪ್ಪಾಯಿತು, ಈಗ ಕಣ್ಣು ಮುಚ್ಚಿದರೆ ದಾರದ ಕುಚ್ಚು, ಒಂದೊಂದು ಎಳೆಯೂ ಒದ್ದೆಯಾಗಿ ಒಂದಕ್ಕೊಂದು ಅಂಟಿಕೊಂಡದ್ದು. ಹಾಗಾದ್ರೆ ಔಷಧಿ ಕೊಡಿ ಡಾಕ್ಟ್ರಮ್ಮ. ಇದನ್ನ ಕೊಲ್ಲೋ ಔಷಧಿ ಇಲ್ಲ ಅಜ್ಜಿ. ಇಂಜೆಕ್ಷನ್ನಾದ್ರೂ. ಅದೂ ಇಲ್ಲ, ಮೂಗು ಶುಚಿ ಮಾಡ್ತೀವಿ, ಗಾಳಿ ಕೊಡ್ತೀವಿ, ನೀರಿನಂಶ ಕೊಡ್ತೀವಿ, ಮಿಕ್ಕಿದ್ದನ್ನ ಮಗುವಿನ ಮೈಯೇ ಮಾಡ್ಕೋಬೇಕು, ಮೂರನೇ ದಿನದಿಂದ ಐದನೇ ದಿನದವರೆಗೆ ಜೋರಿರುತ್ತೆ, ಆಮೇಲೆ ನಿಧಾನಕ್ಕೆ ಇಳಿಯುತ್ತೆ, ಅಲ್ಲಿವರೆಗೂ ಮಗು ದಣೀಬಾರದು ಅಷ್ಟೇ. ಅಷ್ಟೇ ಅಂತೆ. ಮೂರು ಮಹಡಿಯ ಆಸ್ಪತ್ರೆ, ಗೋಡೆಯ ತುಂಬ ಮಿಶನ್ನು, ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ, ಕಡೆಗೆ ಎಲ್ಲರೂ ಸೇರಿ ಆರು ಸೇರು ತೂಗದ ಕೂಸಿನ ಕಡೆ ಬೆರಳು ತೋರಿಸಿ, ನೀನೇ ನೋಡ್ಕೋ ತಾಯಿ, ಅನ್ನುತ್ತಾರೆ. ಇವತ್ತು ಎಷ್ಟನೇ ದಿನ, ನಾಲ್ಕು, ಮೊದಲು ಗಿಲಕಿಗೆ ಬಂತು, ಗಿಲಕಿ ದೊಡ್ಡ ಮೊಮ್ಮಗಳು, ಮೂರು ವರ್ಷ, ನಿದ್ದೆಯಲ್ಲೂ ಬಾಯಿ ಸುಮ್ಮನಿರದವಳು, ಹೋದ ವಾರ ಶಿಶುವಿಹಾರದಿಂದ ಮೂಗು ಸುರಿಸಿಕೊಂಡು ಬಂದವಳೇ ಓಡಿ ಹೋಗಿ, ಗುಬ್ಬಿಗೆ ಮುತ್ತು ಕೊಟ್ಟೆ ಅಜ್ಜಿ, ಮೂಗಿಗೇ ಕೊಟ್ಟೆ, ಎಂದು ಚಪ್ಪಾಳೆ ತಟ್ಟಿದಳು, ಜೋಡಿಯಮ್ಮ ನಕ್ಕಳು, ನಕ್ಕು ಗಿಲಕಿಯ ಮೂಗು ಒರೆಸಿ ಅದೇ ಕೈಯಲ್ಲಿ ಗುಬ್ಬಿಯ ಗಲ್ಲ ಸವರಿದಳು, ಕೈ ತೊಳೆಯಬೇಕಿತ್ತು, ಯಾರಿಗೆ ಗೊತ್ತಿತ್ತು, ನೆಗಡಿ ಅಲ್ಲವೇ ನೆಗಡಿ.

ಅಮ್ಮಾ, ಏನಾದ್ರೂ ತಿಂದ್ಯಾ, ಎಂದು ಮಗಳು ಬಂದು ಪಕ್ಕದಲ್ಲಿ ನಿಂತದ್ದೂ ಗೊತ್ತಾಗಲಿಲ್ಲ, ಇನ್ನೂ ಡ್ರೈವರ್ ಬಟ್ಟೆಯಲ್ಲೇ ಇದ್ದಾಳೆ, ಎದೆಯ ಮೇಲೆ ಬಿಲ್ಲೆ, ಬಸ್ಸನ್ನು ಕೊನೆ ನಿಲ್ದಾಣದಲ್ಲಿ ಇನ್ನೊಬ್ಬರಿಗೆ ಒಪ್ಪಿಸಿ ಓಡಿ ಬಂದವಳು, ನಲವತ್ತು ಜನರನ್ನು ಹಿಂದೆ ಕೂರಿಸಿಕೊಂಡು ಊರೆಲ್ಲ ತಿರುಗಿಸುವ ಗಟ್ಟಿಗಿತ್ತಿ, ಈಗ ನೀರಿನ ಬಾಟಲಿಯ ಮುಚ್ಚಳ ತೆರೆಯಲು ಬಾರದೆ ತಿರುಗಿಸುತ್ತಲೇ ಇದ್ದಾಳೆ. ಹಸಿವಿಲ್ಲ ಕಣೇ. ನೀನು ಚೆನ್ನಾಗಿ ನೋಡ್ಕೊಂಡೆ ಅಮ್ಮ, ನಾನೇ ಡ್ಯೂಟಿಗೆ ಹೋಗಬಾರದಿತ್ತು, ನೀನು ಪಾಪ ಎರಡೆರಡು ಗಂಟೆಗೆ ಎಣಿಸಿ ಬರೆದಿದೀಯ. ಎಣಿಸಿದ್ದು ನಿಜ. ನಿನ್ನೆ ಕ್ಲಿನಿಕ್ಕಿನ ನರ್ಸು ಕಾಗದದ ಮೇಲೆ ಬರೆದುಕೊಟ್ಟಿದ್ದಳು, ಮಲಗಿದ್ದಾಗ ಒಂದು ನಿಮಿಷ ಪೂರ್ತಿ ಉಸಿರು ಎಣಿಸಿ, ಐವತ್ತು ದಾಟಿದ್ರೆ ಕಾಯಬೇಡಿ, ಪಕ್ಕೆ ಒಳಗೆ ಎಳೆದ್ರೆ ಕಾಯಬೇಡಿ, ಹಾಲು ಅರ್ಧಕ್ಕರ್ಧ ಕಮ್ಮಿಯಾದ್ರೆ ಕಾಯಬೇಡಿ. ಮಗಳು ಮುಂಜಾನೆ ಪಾಳಿಗೆ ಹೊರಟಾಗ, ಅಮ್ಮಾ ನೀನು ಎಣಿಸ್ತೀಯಲ್ಲ, ಅಂದಳು, ಎಣಿಸ್ತೀಯಲ್ಲ ಅಂತ ಕೇಳ್ತೀಯಲ್ಲೇ, ಎಣಿಸೋದು ಬಿಟ್ಟು ಇನ್ನೇನು ಮಾಡಿದೀನಿ ನಾನು ಜನ್ಮದಲ್ಲಿ, ಎಂದು ಜೋಡಿಯಮ್ಮ ಜಂಬ ಕೊಚ್ಚಿದಳು, ಕೊಚ್ಚಿದಳಲ್ಲ, ಆ ಮಾತು ಈಗ ಎಲ್ಲಿ ಹೋಗಿ ಬಚ್ಚಿಟ್ಟುಕೊಳ್ಳುತ್ತದೆ. ಏಳು ಗಂಟೆಗೆ ಮೂವತ್ತನಾಲ್ಕು. ಒಂಬತ್ತಕ್ಕೆ ಮೂವತ್ತಾರು. ಹನ್ನೊಂದಕ್ಕೆ ಮೂವತ್ತೆಂಟು. ಪ್ರತಿ ಟ್ರಿಪ್ಪು ಮುಗಿದಾಗಲೂ ಮಗಳ ಫೋನು, ಎಷ್ಟಮ್ಮ, ಮೂವತ್ತಾರು ಕಣೇ, ಅಬ್ಬ, ಸರಿ ಹಾಗಾದ್ರೆ, ಹಾರ್ನಿನ ಸದ್ದು, ಇಡ್ತೀನಿ. ಗಿಲಕಿಯ ಹಳೇ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ, ಚಿತ್ರದ ಆನೆಯ ಪಕ್ಕ, ಗಂಟೆ ಒಂದು ಸಾಲು, ಉಸಿರು ಒಂದು ಸಾಲು, ೩೪, ೩೬, ೩೮, ಗುಂಡಗೆ, ಗೆರೆ ತಪ್ಪದೆ, ಐವತ್ತನಾಲ್ಕನೇ ವಯಸ್ಸಿನಲ್ಲಿ ರಾತ್ರಿ ಶಾಲೆಗೆ ಹೋಗಿ ಕಲಿತ ಅಂಕಿಗಳು, ತನ್ನವೇ ಎಂಬ ಹೆಮ್ಮೆಯಿಂದ ಒಂದೊಂದನ್ನೂ ತಿದ್ದಿ ತಿದ್ದಿ ಬರೆದಿದ್ದಳು. ಪಕ್ಕೆಯ ಹೊಂಡ ಕಾಣಲಿಲ್ಲವೇ, ಕಂಡಿತು, ಒಂಬತ್ತಕ್ಕೇ ಕಂಡಿತು, ಹೊಟ್ಟೆ ಹಸಿದಿರಬೇಕು ಅಂದುಕೊಂಡಳು, ಹಾಲು ಕೊಟ್ಟರೆ ನಾಲ್ಕು ಗುಟುಕಿಗೆ ಮುಖ ತಿರುಗಿಸಿತು, ಮೂಗು ಕಟ್ಟಿದೆ ಪಾಪ ಅಂದುಕೊಂಡಳು, ಅಂದುಕೊಂಡು ಮತ್ತೆ ಹಾಳೆ ನೋಡಿದಳು, ಮೂವತ್ತಾರು, ಐವತ್ತಕ್ಕೆ ಇನ್ನೂ ಬೇಕಾದಷ್ಟಿದೆ. ಅಕ್ಷರ ಬಾರದ ಕಾಲದಲ್ಲಿ ಇದೇ ಮಗಳಿಗೆ ಎದೆ ಕಟ್ಟಿದಾಗ ಅವಳು ಕೂಸಿನ ಮುಖ ನೋಡಿದಳು, ಮುಖ ನೋಡಿದವಳೇ ಎತ್ತಿಕೊಂಡು ಬರಿಗಾಲಲ್ಲಿ ಓಡಿದಳು, ಆಗ ಕೈಯಲ್ಲಿ ಹಾಳೆ ಇರಲಿಲ್ಲ. ಹನ್ನೆರಡೂವರೆಗೆ ಬಾಟಲಿ ಬಾಯಲ್ಲಿರುವಾಗಲೇ ತುಟಿ ಬೂದಿ ಬಣ್ಣಕ್ಕೆ ತಿರುಗಿತು, ಕೆಳಗಿನ ಮನೆಯವರ ಕಾರು, ಸಿಗ್ನಲ್ಲು, ಸಿಗ್ನಲ್ಲು, ಮತ್ತೊಂದು ಸಿಗ್ನಲ್ಲು.

ಮೇಲೆ ಪರದೆಯಲ್ಲಿ ಮೂರು ಅಂಕಿ, ಹಸಿರು, ನೀಲಿ, ಬಿಳಿ, ಹಸಿರು ಎದೆಬಡಿತ ಅಜ್ಜಿ, ನೀಲಿ ಆಕ್ಸಿಜನ್, ಬಿಳಿ ಉಸಿರು, ಬಿಳಿಯದು ಎಪ್ಪತ್ತೆರಡು ಎಂದು ತೋರಿಸುತ್ತಿದೆ. ಸುಮ್ಮನೆ ಕೂತು ಏನು ಮಾಡುವುದು, ಕೈಗೆ ಒಂದು ಕೆಲಸ ಬೇಡವೇ, ಗೋಡೆಯ ಗಡಿಯಾರದ ಸೆಕೆಂಡಿನ ಮುಳ್ಳು ಹನ್ನೆರಡಕ್ಕೆ ಬಂದದ್ದೇ ಜೋಡಿಯಮ್ಮ ಎಣಿಸತೊಡಗಿದಳು, ಹೆಬ್ಬೆರಳು ತೋರುಬೆರಳಿನ ಗೆಣ್ಣಿನ ಮೇಲೆ, ಮುಂದಿನ ಗೆಣ್ಣಿನ ಮೇಲೆ, ನಾಲ್ಕು ಬೆರಳಿಗೆ ಹನ್ನೆರಡು ಗೆಣ್ಣು, ಹನ್ನೆರಡಾದರೆ ಒಂದು ಕಟ್ಟು, ಮುಳ್ಳು ಸುತ್ತಿ ಬಂತು, ಮೂರು ಕಟ್ಟು, ಮೂವತ್ತಾರು. ಮೂವತ್ತಾರು! ಎದೆಯೊಳಗೆ ಏನೋ ಹಗುರಾಯಿತು, ಅರೆ, ಮೂವತ್ತಾರೇ ಇದೆ ನಮ್ಮ ಗುಬ್ಬಿಗೆ, ಸಿಸ್ಟರ್, ಸ್ವಲ್ಪ ಬನ್ನಿ, ನಿಮ್ಮ ಮಿಶನ್ನು ತಪ್ಪು ತೋರಿಸ್ತಿದೆ ನೋಡಿ. ಮಿಶನ್ ತಪ್ಪು ತೋರಿಸಲ್ಲ ಅಜ್ಜಿ. ನಾನು ಎಣಿಸಿದೆ ತಾಯಿ, ಈಗ ತಾನೇ, ಗಡಿಯಾರ ನೋಡ್ಕೊಂಡು. ನರ್ಸು ಬೇಸರಿಸಿಕೊಳ್ಳಲಿಲ್ಲ, ಒಳ್ಳೇ ಹೆಣ್ಣು, ನಕ್ಕು, ಆಗಲಿ ನೋಡೇ ಬಿಡೋಣ, ಎಂದು ಕೂಸಿನ ಹೊಟ್ಟೆಯ ಮೇಲೆ ಎರಡು ಬೆರಳಿಟ್ಟು ಬಾಯಿಬಿಟ್ಟು ಎಣಿಸಿದಳು, ಒಂದು, ಎರಡು, ಮೂರು, ನಾಲ್ಕು, ಜೋಡಿಯಮ್ಮನೂ ಜೊತೆಗೆ ಮನಸ್ಸಿನಲ್ಲೇ, ನರ್ಸಿನ ಬಾಯಿ ನಾಲ್ಕು ಅಂದಾಗ ಇವಳ ಹೆಬ್ಬೆರಳು ಎರಡನೇ ಗೆಣ್ಣಿನ ಮೇಲಿತ್ತು. ಎಂಟು ಅಂದಾಗ ನಾಲ್ಕನೇದರ ಮೇಲೆ. ಹನ್ನೆರಡು ಅಂದಾಗ ಆರನೇದರ ಮೇಲೆ. ಎಪ್ಪತ್ತೆರಡೇ ಇದೆ, ಎಲ್ಲೋ ಮಧ್ಯ ಬಿಟ್ಟಿರ್ತೀರ ಬಿಡಿ ಅಜ್ಜಿ, ವಯಸ್ಸಾಯ್ತಲ್ಲ, ಎಂದು ನರ್ಸು ಹೊರಟುಹೋದಳು, ಹೆಬ್ಬೆರಳು ಅಲ್ಲೇ ನಿಂತಿತು. ಒಂದೂ ಬಿಟ್ಟಿಲ್ಲ. ಬಿಟ್ಟಿದ್ದರೆ ಎಷ್ಟು ಚೆನ್ನಾಗಿತ್ತು. ಎರಡು ಚೀಲ, ಹಿಮ್ಮಡಿಗೆ ಹಿಮ್ಮಡಿ ಕೂಡಿಸಿ ಟಪ್ ಟಪ್ ಎಂದು ಮೇಜಿನ ಮೇಲೆ ತಟ್ಟಿ, ಒಂದು, ಮತ್ತೆರಡು, ಟಪ್ ಟಪ್, ಎರಡು, ಮೂವತ್ತೊಂದು ವರ್ಷ, ದಿನಕ್ಕೆಷ್ಟು ಸಾವಿರ, ಅವಳ ನಾಲಗೆಗೆ ಎರಡು ಬಡಿತಕ್ಕೆ ಒಂದೇ ಅಂಕಿ, ಅದು ಅವಳು ಮಾಡುವುದಲ್ಲ, ಅದಾಗಿಯೇ ಆಗುವುದು, ವೇಗ ಹೆಚ್ಚಿದಷ್ಟೂ ಗಟ್ಟಿಯಾಗಿ ಆಗುವುದು. ಕೂಸಿನ ಉಸಿರು ಅಷ್ಟು ವೇಗವಾಗಿತ್ತಲ್ಲ, ಟಪ್ ಟಪ್, ಟಪ್ ಟಪ್, ನಿಧಾನಕ್ಕಿದ್ದಿದ್ದರೆ ತಪ್ಪುತ್ತಲೇ ಇರಲಿಲ್ಲವೇನೋ. ಕಾರ್ಖಾನೆಯವರು ಇದಕ್ಕೇ ನಗುತ್ತಿದ್ದದ್ದು, ಜೋಡಿಯಮ್ಮನ್ನ ಟೀಗೆ ತಲೆ ಎಣಿಸೋಕೆ ಕಳಿಸ್ಬೇಡ್ರಪ್ಪಾ, ಅರ್ಧ ಜನ ಬರೀ ಲೋಟ ನೋಡ್ಕೊಂಡು ಕೂರಬೇಕಾಗುತ್ತೆ, ಅವಳೂ ನಗುತ್ತಿದ್ದಳು, ರಾತ್ರಿ ಶಾಲೆಯ ಮೇಷ್ಟ್ರು ಹಲಗೆಯ ಮೇಲೆ ಹದಿನಾರು ಚುಕ್ಕೆ ಇಟ್ಟಾಗ ಎಂಟು ಅಂದಳು, ತರಗತಿಯೆಲ್ಲ ಬಿದ್ದು ಬಿದ್ದು ನಕ್ಕಿತು, ಮೇಷ್ಟ್ರು ನಗದೆ, ಅಮ್ಮಾ, ನೀವು ತಪ್ಪಿಲ್ಲ, ನಿಮ್ಮ ಒಂದು ಅಂದ್ರೆ ಎರಡು, ಅದನ್ನ ನೆನಪಿಟ್ಟುಕೊಳ್ಳಿ ಸಾಕು, ಅಂದರು. ನೆನಪಿಟ್ಟುಕೊಳ್ಳಲಿಲ್ಲ. ಮೂವತ್ತನಾಲ್ಕು ಅಂದರೆ ಅರವತ್ತೆಂಟು. ಮೂವತ್ತಾರು ಅಂದರೆ ಎಪ್ಪತ್ತೆರಡು. ಏಳು ಗಂಟೆಗೇ ಅರವತ್ತೆಂಟು, ಏಳು ಗಂಟೆಗೇ ಎತ್ತಿಕೊಂಡು ಓಡಬೇಕಿತ್ತು, ಏಳು, ಎಂಟು, ಒಂಬತ್ತು, ಹತ್ತು, ಹನ್ನೊಂದು, ಹನ್ನೆರಡು, ಐದೂವರೆ ಗಂಟೆ ಆ ಮೂಟೆ ಹೊತ್ತು ಕೂಸು ಮೆಟ್ಟಿಲು ಹತ್ತಿದೆ, ಇವಳು ಪಕ್ಕದಲ್ಲೇ ಕೂತು ಅಂಕಿಯನ್ನು ಗುಂಡಗೆ ತಿದ್ದುತ್ತಿದ್ದಳು.

ಹೇಳಬೇಕು. ಹೇಳಿದರೆ ಏನಾಗುತ್ತದೆ, ಹೇಳದಿದ್ದರೆ ಏನಾಗುತ್ತದೆ, ಔಷಧಿಯಂತೂ ಇಲ್ಲ ಅಂದರಲ್ಲ, ಬೆಳಗ್ಗೆ ಬಂದಿದ್ದರೂ ಇದೇ ಕೊಳವೆ, ಇದೇ ಗ್ಲೂಕೋಸು, ಅಲ್ಲವೇ, ಆದರೆ ಮಗು ದಣೀಬಾರದು ಅಂದರು, ಅದನ್ನೂ ಅಂದರು. ಮಗಳು ಕೂಸಿನ ತಲೆ ಸವರುತ್ತಿದ್ದಾಳೆ, ಬಸ್ಸಿನ ಎಣ್ಣೆ ಉಗುರಿನ ಸಂದಿಯಲ್ಲಿ, ಮೂರು ಸಲ ಸೋಪು ಹಾಕಿ ತೊಳೆದರೂ ಹೋಗದ ಎಣ್ಣೆ, ಬೆರಳ ಹಿಂಭಾಗದಿಂದ ಸವರುತ್ತಿದ್ದಾಳೆ, ನನ್ ಹಾಲೇ ಹೆಚ್ಚುಕಮ್ಮಿ ಆಗಿರಬೇಕು ಅಮ್ಮ, ಬಾಟಲಿಯ ರಬ್ಬರಿನ ತೂತು ದೊಡ್ಡದಾಗಿತ್ತೋ ಏನೋ, ನಾನೇ ತಂದಿದ್ದು ಅದನ್ನ. ಯಾಕೆ ಹಾಗಂತೀಯ ಎಂದು ಕೇಳಬೇಕೆನ್ನುವಷ್ಟರಲ್ಲಿ ಡಾಕ್ಟ್ರಮ್ಮ ಬಂದರು, ಕೈಯಲ್ಲಿ ಗಿಲಕಿಯ ನೋಟ್‌ಬುಕ್ಕು, ಆನೆಯ ಚಿತ್ರ ಹೊರಗೆ ಕಾಣುತ್ತಿದೆ, ಅಯ್ಯೋ ಅದು ಅವರ ಕೈಗೆ ಯಾವಾಗ ಹೋಯಿತು, ಬಂದಾಗಲೇ ಮಗಳು ಕೊಟ್ಟಿದ್ದಾಳೆ. ಎಷ್ಟು ಚೆನ್ನಾಗಿ ಬರೆದಿದೀರ ಅಜ್ಜಿ, ಓದಿದೋರೂ ಹೀಗೆ ಬರೆದು ತರಲ್ಲ, ಇದು ನಮಗೆ ತುಂಬ ಉಪಯೋಗಕ್ಕೆ ಬಂತು, ನೋಡಿ, ಹನ್ನೊಂದಕ್ಕೆ ಮೂವತ್ತೆಂಟು, ಇಲ್ಲಿಗೆ ಬಂದಾಗ ಎಪ್ಪತ್ತಾರು, ಎರಡು ಗಂಟೆಯೊಳಗೆ ಹೀಗೆ ಏಕಾಏಕಿ ದುಪ್ಪಟ್ಟಾಗೋದು ಅಂದ್ರೆ ಬರೀ ವೈರಸ್ ಇರಲಾರದು, ಹಾಲು ನೆತ್ತಿಗೇರಿ ಶ್ವಾಸಕ್ಕೆ ಹೋಗಿರಬಹುದು, ಹಾಗಾಗಿ ಎಕ್ಸ್‌ರೇ ಮಾಡಿಸಿ, ಒಂದೆರಡು ಗಂಟೆ ಈ ಕೊಳವೆಯಲ್ಲೇ ನೋಡೋಣ, ಇನ್ನೂ ಶುರುವಾಗಿ ಸ್ವಲ್ಪ ಹೊತ್ತಾಗಿದೆ ಅಷ್ಟೇ, ಮಗುವಿಗೆ ಶಕ್ತಿ ಇರುತ್ತೆ. ಶಕ್ತಿ ಇರುತ್ತೆ ಅಂತೆ. ಮಗಳು ಹೂಂ, ಹೂಂ ಎಂದು ತಲೆಯಾಡಿಸುತ್ತಿದ್ದಾಳೆ, ತಪ್ಪನ್ನೆಲ್ಲ ತಾನೇ ಬಾಚಿ ಬಗಲಿಗೆ ಹಾಕಿಕೊಳ್ಳುತ್ತಿದ್ದಾಳೆ, ಮತ್ತು ಅಷ್ಟರಲ್ಲಿ — ಕೂಸಿನ ಎದೆ ನಿಂತಿತು, ಏರಿದ ಎದೆ ಇಳಿದು ಮತ್ತೆ ಏರಲಿಲ್ಲ, ಹೊಂಡ ಇಲ್ಲ, ಹ್ಞ್ ಇಲ್ಲ, ಇಡೀ ವಾರ್ಡಿನಲ್ಲಿ ಸದ್ದಿಲ್ಲ, ಆಮೇಲೆ ಮಿಶನ್ನು ಕೂಗಿಕೊಂಡಿತು, ನರ್ಸು ಓಡಿ ಬಂದು ಬರಿಗಾಲಿನ ಅಂಗಾಲನ್ನು ಬೆರಳಿಂದ ಚಿಮ್ಮಿದಳು, ಏಯ್ ಪುಟ್ಟಿ, ಉಸಿರಾಡೇ, ಉಸಿರಾಡು, ಇನ್ನೊಂದು ಸಲ ಚಿಮ್ಮಿದಳು, ಹ್ಞ್. ಬಂತು. ಏರಿತು. ಇಳಿಯಿತು.

ಡಾಕ್ಟ್ರಮ್ಮ, ಎಂದಳು ಜೋಡಿಯಮ್ಮ, ದನಿ ಅವಳದೇ ಹೌದೋ ಅಲ್ಲವೋ, ಡಾಕ್ಟ್ರಮ್ಮ, ಆ ಅಂಕಿ ಸುಳ್ಳು. ಯಾವ ಅಂಕಿ ಅಜ್ಜಿ. ನಾನು ಬರೆದಿದ್ದು, ಎಲ್ಲ, ನಾನು ಜೋಡಿ ಎಣಿಸಿದೆ, ಎರಡು ಉಸಿರಿಗೆ ಒಂದು, ಕಾಲುಚೀಲ ಎಣಿಸಿದ ಹಾಗೆ, ನನಗೆ ಗೊತ್ತಾಗಲಿಲ್ಲ, ಈಗ ಸಿಸ್ಟರ್ ಎಣಿಸಿದಾಗ ಗೊತ್ತಾಯ್ತು, ನೀವು ಅದನ್ನೆಲ್ಲ ಎರಡು ಮಾಡ್ಕೊಳ್ಳಿ ತಾಯಿ, ಏಳು ಗಂಟೆಯಿಂದಾನೂ ಎರಡು ಮಾಡ್ಕೊಳ್ಳಿ. ಡಾಕ್ಟ್ರಮ್ಮ ನೋಟ್‌ಬುಕ್ಕು ನೋಡಿದರು, ತುಟಿ ಅಲ್ಲಾಡಿತು, ಅರವತ್ತೆಂಟು, ಎಪ್ಪತ್ತೆರಡು, ಎಪ್ಪತ್ತಾರು, ಹಾಗಾದ್ರೆ ಇದು ಈಗ ಶುರುವಾಗಿದ್ದಲ್ಲ, ಬೆಳಗ್ಗೆಯಿಂದ್ಲೂ ಹೀಗೇ ಇದೆ, ಮಗು ಪೂರ್ತಿ ದಣಿದಿದೆ, ಎಕ್ಸ್‌ರೇಗೆ ಕಾಯೋದು ಬೇಡ, ಐಸಿಯು ಒಳಗೆ ಕರ್ಕೊಂಡು ಹೋಗಿ, ಉಸಿರಾಟದ ಮಿಶನ್ ರೆಡಿ ಮಾಡಿ, ಈಗಲೇ. ಯಾರೂ ಬೈಯಲಿಲ್ಲ. ಬೈಯಬಹುದಿತ್ತು, ಒಬ್ಬರಾದರೂ, ಎರಡು ಮಾತು. ಮಗಳು ತಿರುಗಿ ನೋಡಿದಳು, ಮೂವತ್ತಾರು ಅಂದ್ಯಲ್ಲ ಅಮ್ಮ, ಅಂದಳು, ಸಿಟ್ಟಿಲ್ಲ, ದಾರಿ ಕೇಳುವವರ ಹಾಗೆ ಅಂದಳು, ಫೋನಲ್ಲಿ ಮೂವತ್ತಾರು ಅಂದ್ಯಲ್ಲ, ನಾನು ಸರಿ ಅಂತ ಬಸ್ ಎತ್ತಿದೆ. ಹೂಂ ಕಣೇ. ಮಂಚದ ಚಕ್ರದ ಬೀಗ ತೆಗೆದ ಸದ್ದು, ತಂತಿಗಳನ್ನು ಗೋಡೆಯಿಂದ ಕಿತ್ತು ಒಂದು ಪುಟ್ಟ ಮಿಶನ್ನಿಗೆ ಸಿಕ್ಕಿಸಿ, ಮಡಿಲಿಗೆ ಹಾಕಿದ ಹಾಗೆ ಕೂಸಿನ ಮೇಲೆ ಹಾಕಿದರು, ಇಬ್ಬರು ತಳ್ಳಿದರು, ಮಗಳು ಪಕ್ಕದಲ್ಲಿ ಓಡಿದಳು, ಜೋಡಿಯಮ್ಮನೂ ಎದ್ದಳು, ಎದ್ದು ನಾಲ್ಕು ಹೆಜ್ಜೆ, ನೀವು ಇಲ್ಲೇ ಇರಿ ಅಜ್ಜಿ, ತಾಯಿ ಒಬ್ಬರೇ ಬರ್ಲಿ, ಬಾಗಿಲು ತಾನಾಗಿ ತೆರೆದುಕೊಂಡಿತು. ಮಂಚದ ಕಂಬಿಗಳ ಸಂದಿಯಿಂದ ಆ ಕಾಲು ಕಂಡಿತು, ಹಳದಿ, ಹಳದಿಯೊಳಗೆ ಕೆಂಪು, ಬಾಗಿಲು ತಾನಾಗಿ ಮುಚ್ಚಿಕೊಂಡಿತು. ಈಗ ಎಣಿಸಲು ಎದೆ ಇಲ್ಲ, ಗೋಡೆಯಲ್ಲೇ ಉಳಿದ ಪರದೆಯಲ್ಲಿ ಬಿಳಿ ಅಂಕಿಯ ಜಾಗದಲ್ಲಿ ಬರೀ ಗೆರೆ, ಅವಳು ಮುಷ್ಟಿ ಬಿಚ್ಚಿದಳು, ಇದೆ, ಚೀಲ ಇದೆ, ಮಡಿಸಿ ಹಿಮ್ಮಡಿ ಸರಿ ಮಾಡಿದಳು, ಕೂಡಿಸಲು ಇನ್ನೊಂದಿಲ್ಲ, ಇನ್ನೊಂದು ಒಳಗಿದೆ, ಬಾಗಿಲಿನ ಆಚೆ, ಇವಳು ಕಾಣದ ಕಡೆ ಎದೆ ಏರುತ್ತಿದೆಯೋ, ಇಳಿಯುತ್ತಿದೆಯೋ, ಹೆಬ್ಬೆರಳು ತಾನಾಗಿ ಮೊದಲ ಗೆಣ್ಣಿನ ಮೇಲೆ ಹೋಗಿ ಕೂತಿತು, ಒಂದು, ಎಂದಿತು ನಾಲಗೆ, ಮುಂದಕ್ಕೆ ಹೋಗಬೇಡ, ಒಂದೊಂದೇ, ಒಂದು, ಹೆಬ್ಬೆರಳು ಸರಿಯುತ್ತಿಲ್ಲ, ಒಂದು, ಹಳದಿ ಕಾಲುಚೀಲದೊಳಗೆ ಕೆಂಪು, ಒಂದು, ಕೆಂಪು, ಒಂದು —